ಬಟರ್‌ಕ್ರೀಮ್, ಲೇತ್ ಮತ್ತು ಅಮ್ಮನ ಕೈಗುಣ

ಮೊದಲೇ ಹೇಳಿಬಿಡ್ತೀನಿ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ರೆ ಸಂಘದ ಸೀನಿಯರ್‌ಗಳು ತಿದ್ದುತ್ತಾರೆ ಅನ್ನೋ ಧೈರ್ಯದ ಮೇಲೆ ಬರೀತಾ ಇದ್ದೀನಿ. "ಯಾವುದಾದ್ರೂ ಟೆಕ್ನಿಕಲ್ ವಿಷಯ ಕನ್ನಡದಲ್ಲಿ ಬರಿ" ಅಂದ್ರು. ಎಐ, ಇವಿ, ರಾಕೆಟ್ ಎಲ್ಲಾ ಬೇರೆಯವರು ಬುಕ್ ಮಾಡ್ಕೊಂಡಿದ್ರು. ನನಗೆ ಉಳಿದಿದ್ದು ಕೇಕ್. ನಗಬೇಡಿ, ಇದರಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ ಇದೆ, ಲೇತ್ ಇದೆ, ಗಾರೆ ಕೆಲಸವೂ ಇದೆ.

ನಮ್ಮೂರು ದಾವಣಗೆರೆ. ಅಲ್ಲಿ ಬೆಣ್ಣೆ ಅಂದ್ರೆ ದೋಸೆ ಮೇಲೆ ಬೀಳಬೇಕಾದ್ದು, ಅದಕ್ಕೆ ಬೇರೆ ಕೆಲಸ ಇದೆ ಅಂತ ಯಾರೂ ಯೋಚನೆ ಮಾಡಲ್ಲ. ನಾನು ಕಾಲೇಜಿಗೆ ಸೇರಿದ ವರ್ಷ ಅಮ್ಮ ಮನೆಯಲ್ಲೇ ಕೇಕ್ ಆರ್ಡರ್ ತಗೊಳ್ಳೋಕೆ ಶುರು ಮಾಡಿದ್ರು. ನನ್ನ ಮೆಸ್ ಬಿಲ್ ಆ ದುಡ್ಡಿನಲ್ಲೇ ಕಟ್ಟೋದು. ಇಷ್ಟು ದಿನ ಅಮ್ಮ ಬಳಸ್ತಾ ಇದ್ದದ್ದು ವಿಪ್ಪಿಂಗ್ ಕ್ರೀಮ್, ಪ್ಯಾಕೆಟ್‌ನಲ್ಲಿ ಬರೋದು, ವನಸ್ಪತಿ ಕೊಬ್ಬಿನದು. ಅದನ್ನ ಫ್ರೀಜರ್‌ನಿಂದ ತೆಗೆದು ಬೀಟ್ ಮಾಡಿದ್ರೆ ಮುಗೀತು, ಹೆಚ್ಚು ಕಾಟ ಕೊಡಲ್ಲ. ಈ ಏಪ್ರಿಲ್‌ನಲ್ಲಿ ಒಬ್ಬರು ತಮ್ಮ ಮಗುವಿನ ಮೊದಲ ವರ್ಷದ ಹುಟ್ಟುಹಬ್ಬಕ್ಕೆ ಬಟರ್‌ಕ್ರೀಮ್ ಕೇಕೇ ಬೇಕು ಅಂದ್ರು. ಫೋನಿನಲ್ಲಿ ಒಂದು ಫೋಟೋ ಕಳಿಸಿದ್ರು. ಬಿಳೀ ಕೇಕು, ಗೋಡೆಗೆ ಪುಟ್ಟಿ ಹೊಡೆದ ಹಾಗೆ ನುಣ್ಣಗೆ, ಮೇಲಿನ ಅಂಚು ಸ್ಕೇಲ್ ಇಟ್ಟು ಎಳೆದ ಹಾಗೆ.

ನಾನು ಅವತ್ತು ರಜೆಗೆ ಮನೆಯಲ್ಲೇ ಇದ್ದೆ. ಅಮ್ಮ ಮಧ್ಯಾಹ್ನ ಎರಡು ಗಂಟೆಗೆ ಶುರು ಮಾಡಿ ಸಂಜೆ ಆರರ ತನಕ ಉಜ್ಜಿದ್ರು. ಒಂದು ಕಡೆ ನುಣ್ಣಗೆ ಮಾಡಿದ್ರೆ ಇನ್ನೊಂದು ಕಡೆ ಕಿತ್ಕೊಂಡು ಬರ್ತಿತ್ತು. ತುಂಬಾ ಸಣ್ಣ ಸಣ್ಣ ತೂತುಗಳು, ಇಡ್ಲಿ ಮುರಿದಾಗ ಕಾಣುತ್ತಲ್ಲ, ಹಾಗೆ. ಕೆಳಗಡೆ ಕ್ರೀಮ್ ಇಳಿದು ಹೊಟ್ಟೆ ಬಂದಿತ್ತು. ಆರ್ಡರ್ ಕೊಟ್ಟವರು ಕೇಕ್ ತಗೊಂಡು ಹೋದ್ರು, ಜಗಳ ಆಡಲಿಲ್ಲ, ಆದ್ರೆ ಐನೂರು ರೂಪಾಯಿ ಕಮ್ಮಿ ಕೊಟ್ರು. ಅಮ್ಮ ಕೈ ತೊಳ್ಕೊಂಡು ಬಂದು ಹೇಳಿದ್ದು ಇಷ್ಟೇ: "ನನ್ನ ಕೈಗುಣ ಹೋಯ್ತು ಕಣೋ. ಇನ್ನು ಇದೆಲ್ಲಾ ಬೇಡ, ಬಿಸ್ಕತ್ತು ಮಾಡ್ಕೊಂಡಿರ್ತೀನಿ." ಆ ವಾರ ಬಂದ ಇನ್ನೆರಡು ಆರ್ಡರ್‌ಗೆ ಆಗಲ್ಲ ಅಂದುಬಿಟ್ರು.

ನನಗೆ ಕೈಗುಣದ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಅದೇ ಕೈಯಲ್ಲಿ ಅಮ್ಮ ಹತ್ತು ವರ್ಷದಿಂದ ಹೋಳಿಗೆ ತಟ್ತಾ ಇದ್ದಾರೆ, ಒಂದೂ ಹರಿದಿಲ್ಲ. ಹೋಳಿಗೆ ತಟ್ಟೋ ಕೈ ಒಂದೇ ಮಧ್ಯಾಹ್ನದಲ್ಲಿ ಹೇಗೆ ಕೆಡುತ್ತೆ? ಅದಕ್ಕೇ ಹುಡುಕೋಕೆ ಶುರು ಮಾಡಿದೆ.

ಬೆಣ್ಣೆ ಎಲ್ಲಿ ಗಟ್ಟಿ, ಎಲ್ಲಿ ನೀರು

ಆನ್‌ಲೈನ್‌ನಲ್ಲಿ ಒಂದು ಪ್ರೋಬ್ ಥರ್ಮಾಮೀಟರ್ ತರಿಸಿದೆ, ಚೂಪು ಕಡ್ಡಿ ಇರೋದು. ಮರುದಿನ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಅಡುಗೆಮನೆ 34 ಡಿಗ್ರಿ. ಉಳಿದಿದ್ದ ಬಟರ್‌ಕ್ರೀಮನ್ನ ಹಿಂದಿನ ದಿನದ ಹಾಗೇ ಬೀಟ್ ಮಾಡಿಸಿ ಅಳೆದೆ, 29 ಡಿಗ್ರಿ. ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ನೀರಿಗೆ ಕರಗೋ ಬಿಂದು ಒಂದೇ, ಸೊನ್ನೆ ಡಿಗ್ರಿ. ಬೆಣ್ಣೆಗೆ ಹಾಗಿಲ್ಲ. ಅದರ ಕೊಬ್ಬು ಒಂದೇ ಪದಾರ್ಥ ಅಲ್ಲ, ಹಲವು ಬಗೆಯ ಕೊಬ್ಬುಗಳ ಮಿಶ್ರಣ, ಒಂದೊಂದೂ ಒಂದೊಂದು ಉಷ್ಣತೆಯಲ್ಲಿ ಕರಗುತ್ತೆ. ಫ್ರಿಜ್‌ನಿಂದ ಈಗ ತಾನೇ ತೆಗೆದ ಬೆಣ್ಣೆಯಲ್ಲಿ ಕೊಬ್ಬಿನ ಹೆಚ್ಚುಕಮ್ಮಿ ಅರ್ಧ ಭಾಗ ಗಟ್ಟಿ ಹರಳುಗಳ ರೂಪದಲ್ಲಿರುತ್ತೆ. 20 ಡಿಗ್ರಿಗೆ ಬಂದಾಗ ಸುಮಾರು ಐದರಲ್ಲಿ ಒಂದು ಭಾಗ ಮಾತ್ರ ಗಟ್ಟಿ. 35 ಡಿಗ್ರಿ ಹತ್ತಿರ ಬಂದ್ರೆ ಗಟ್ಟಿ ಅನ್ನೋದು ಬಹುತೇಕ ಏನೂ ಉಳಿಯಲ್ಲ. ಕ್ರೀಮಿನೊಳಗೆ ಸೇರಿದ ಗಾಳಿಯನ್ನ ಹಿಡಿದಿಟ್ಟು, ಕೇಕಿನ ಗೋಡೆಯ ಮೇಲೆ ನಿಲ್ಲೋಕೆ ಬಲ ಕೊಡೋದು ಈ ಹರಳುಗಳ ಜಾಲವೇ. 29 ಡಿಗ್ರಿಯಲ್ಲಿ ಆ ಜಾಲ ತೆಳ್ಳಗಾಗಿ ಹೋಗಿರುತ್ತೆ. ಅಮ್ಮ ನಾಲ್ಕು ಗಂಟೆ ಉಜ್ಜಿದ್ದು ಬೆಣ್ಣೆಯನ್ನಲ್ಲ, ತುಪ್ಪ ಆಗೋ ದಾರಿಯಲ್ಲಿದ್ದ ಏನನ್ನೋ.

ಎರಡನೇ ವರ್ಷದವರಿಗೆ ಇದು ಇನ್ನೊಂದು ಹೆಸರಲ್ಲಿ ಗೊತ್ತು. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಬಿಂಗ್‌ಹ್ಯಾಮ್ ಪ್ಲಾಸ್ಟಿಕ್ ಅಂತ ಒಂದು ಗ್ರಾಫ್ ಬರುತ್ತಲ್ಲ, ಮೂಲಬಿಂದುವಿನಿಂದ ಶುರು ಆಗದೆ ಸ್ವಲ್ಪ ಮೇಲಿನಿಂದ ಹೊರಡೋ ಗೆರೆ. ಟೂತ್‌ಪೇಸ್ಟ್ ಉದಾಹರಣೆ ಕೊಟ್ಟು ಮುಂದೆ ಹೋಗಿಬಿಡ್ತಾರೆ. ಒಂದು ಮಟ್ಟದ ಒತ್ತಡ ಬರೋ ತನಕ ಅದು ಘನವಸ್ತುವಿನ ಹಾಗೆ ಸುಮ್ಮನೆ ನಿಲ್ಲುತ್ತೆ, ದಾಟಿದ ಮೇಲೆ ಹರಿಯುತ್ತೆ. ಆ ಮಟ್ಟವೇ ಯೀಲ್ಡ್ ಸ್ಟ್ರೆಸ್. ಬಟರ್‌ಕ್ರೀಮ್‌ಗೂ ಬೇಕಾಗಿರೋದು ಇದೇ ಗುಣ: ಸ್ಕ್ರೇಪರ್ ಒತ್ತಿದಾಗ ಹರಿಯಬೇಕು, ಸ್ಕ್ರೇಪರ್ ಹೋದ ಮೇಲೆ ತನ್ನ ಭಾರಕ್ಕೆ ತಾನು ಇಳಿಯಬಾರದು. ತಣ್ಣಗಿದ್ರೆ ಯೀಲ್ಡ್ ಸ್ಟ್ರೆಸ್ ಜಾಸ್ತಿ, ಸ್ಕ್ರೇಪರ್ ಕೆಳಗೆ ಹರಿಯದೆ ಕಿತ್ಕೊಂಡು ಬರುತ್ತೆ. ಬೆಚ್ಚಗಿದ್ರೆ ಕಮ್ಮಿ, ಗುರುತ್ವಾಕರ್ಷಣೆಯೇ ಸಾಕು ಕೆಳಗೆ ಎಳೆಯೋಕೆ. ಅಮ್ಮನ ಕೇಕಿಗೆ ಬಂದ ಹೊಟ್ಟೆ ಅದೇ.

ನಾವು ಹತ್ತಾರು ಸಲ ಮಾಡಿ ನೋಡಿದ ಮೇಲೆ ನಮ್ಮ ಮಟ್ಟಿಗೆ ಒಂದು ಅಂಕಿ ಸಿಕ್ಕಿತು. ಬೀಟ್ ಮಾಡೋಕೆ ಶುರು ಮಾಡುವಾಗ ಬೆಣ್ಣೆ 18ರಿಂದ 20, ಹಚ್ಚುವಾಗ ಕ್ರೀಮ್ 22ರಿಂದ 24. ಥರ್ಮಾಮೀಟರ್ ಇಲ್ಲದವರು ಬೆರಳು ಒತ್ತಿ ನೋಡಿ: ಗುಳಿ ಬೀಳಬೇಕು, ಆದ್ರೆ ಬೆರಳು ಜಾರಬಾರದು, ಬೆಣ್ಣೆ ಮೇಲೆ ಹೊಳಪು ಬಂದಿರಬಾರದು. ಹೊಳಪು ಬಂತು ಅಂದ್ರೆ ಕರಗೋಕೆ ಶುರು ಆಗಿದೆ. ರೆಸಿಪಿಗಳಲ್ಲಿ "ರೂಮ್ ಟೆಂಪರೇಚರ್ ಬೆಣ್ಣೆ" ಅಂತ ಬರೆದಿರ್ತಾರೆ. ಅದನ್ನ ಬರೆದವರ ರೂಮು 20 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ರೂಮಿನ ಟೆಂಪರೇಚರ್‌ಗೆ ಬೆಣ್ಣೆ ತಂದ್ರೆ ಕುಡಿಯಬಹುದು.

ಹಾಗಾದ್ರೆ ಬಿಸಿಲೂರಲ್ಲಿ ಏನು ಮಾಡೋದು? ನಾವು ಮೊದಲು ಬದಲಿಸಿದ್ದು ಗಡಿಯಾರ. ಬೆಳಗ್ಗೆ ಐದೂವರೆಗೆ ನಮ್ಮ ಅಡುಗೆಮನೆ 26 ಇರುತ್ತೆ. ಎರಡನೆಯದು, ಪಾತ್ರೆಯ ಕೆಳಗೆ ಐಸ್ ನೀರಿನ ಇನ್ನೊಂದು ಪಾತ್ರೆ. ಬೀಟರ್ ತಿರುಗೋದರಿಂದಲೇ ಕ್ರೀಮ್ ಬಿಸಿ ಆಗುತ್ತೆ, ಅದಕ್ಕೆ ನಡುನಡುವೆ ಅಳೀತಾ ಇರಬೇಕು. ತೆಳ್ಳಗಾದ ಕ್ರೀಮನ್ನ ಎಸೆಯೋ ಅಗತ್ಯ ಇಲ್ಲ. ಫ್ರಿಜ್‌ನಲ್ಲಿ 15-20 ನಿಮಿಷ ಇಟ್ಟು ಮತ್ತೆ ಬೀಟ್ ಮಾಡಿದ್ರೆ ಬಹಳ ಸಲ ವಾಪಸ್ ಬರುತ್ತೆ. ಉಲ್ಟಾ ಆಗಿ ಒಡೆದ ಹಾಲಿನ ಹಾಗೆ ಗಂಟು ಗಂಟಾಗಿ, ಬದಿಯಲ್ಲಿ ನೀರು ಬಿಟ್ಟುಕೊಂಡಿದ್ರೆ ಅದು ಸಾಮಾನ್ಯವಾಗಿ ತುಂಬಾ ತಣ್ಣಗಿದೆ ಅಂತ ಅರ್ಥ. ಒಂದು ಸೌಟಿನಷ್ಟು ಕ್ರೀಮನ್ನ ಬೇರೆ ಬಟ್ಟಲಲ್ಲಿ ಕರಗಿಸಿ, ತಿರುಗುತ್ತಿರೋ ಬೀಟರಿಗೆ ಸುರಿದ್ರೆ ಎರಡು ನಿಮಿಷದಲ್ಲಿ ಕೂಡಿಕೊಳ್ಳುತ್ತೆ. ಅಮ್ಮ ಇಂಥದ್ದನ್ನ ಹಿಂದೆ ಎರಡು ಸಲ ಕಸಕ್ಕೆ ಹಾಕಿದ್ದಾರಂತೆ. ಬೆಣ್ಣೆ ರೇಟ್ ಗೊತ್ತಿದ್ದವರಿಗೆ ಹೊಟ್ಟೆ ಉರಿಯುತ್ತೆ.

ಸಕ್ಕರೆಯ ಲೆಕ್ಕ

ನುಣುಪು ಅನ್ನೋದು ಕಣ್ಣಿಗೆ ಮಾತ್ರ ಅಲ್ಲ, ನಾಲಿಗೆಗೂ ಇದೆ. ಅತಿ ಸುಲಭದ ಬಟರ್‌ಕ್ರೀಮ್ ಅಂದ್ರೆ ಅಮೆರಿಕನ್ ಶೈಲಿಯದು: ಒಂದು ಪಾಲು ಬೆಣ್ಣೆ, ಎರಡು ಪಾಲು ಪುಡಿ ಸಕ್ಕರೆ, ಸ್ವಲ್ಪ ಹಾಲು. ಅಮ್ಮ ಮಾಡಿದ್ದು ಇದನ್ನೇ, ಸಕ್ಕರೆಯನ್ನ ಮಿಕ್ಸಿಯಲ್ಲಿ ಪುಡಿ ಮಾಡಿ. ಬಾಯಿಗೆ ಹಾಕಿದ್ರೆ ರವೆ ರವೆ. ಇನ್ನೂ ಬೀಟ್ ಮಾಡಿದ್ರೆ ಸಕ್ಕರೆ ಕರಗುತ್ತೆ ಅಂತ ಅಮ್ಮ ಇನ್ನೂ ಹತ್ತು ನಿಮಿಷ ಬೀಟ್ ಮಾಡಿದ್ರು. ಕರಗಲಿಲ್ಲ. ಕರಗೋದೂ ಇಲ್ಲ.

ಯಾಕೆ ಅಂದ್ರೆ ಸಕ್ಕರೆ ಕೊಬ್ಬಿನಲ್ಲಿ ಕರಗಲ್ಲ, ನೀರಲ್ಲಿ ಮಾತ್ರ. ಅಂಗಡಿಯ ಬೆಣ್ಣೆಯಲ್ಲಿ ಕನಿಷ್ಠ ನೂರಕ್ಕೆ 80 ಭಾಗ ಕೊಬ್ಬು, ಹೆಚ್ಚೆಂದರೆ 16 ಭಾಗ ನೀರು ಇರಬೇಕು ಅಂತ ನಮ್ಮ ಆಹಾರ ನಿಯಮವೇ ಹೇಳುತ್ತೆ. 100 ಗ್ರಾಂ ಬೆಣ್ಣೆಯಲ್ಲಿ 16 ಗ್ರಾಂ ನೀರು ಅಂತಿಟ್ಕೊಳ್ಳಿ. ಸಾಧಾರಣ ಉಷ್ಣತೆಯಲ್ಲಿ 1 ಗ್ರಾಂ ನೀರು ಸುಮಾರು 2 ಗ್ರಾಂ ಸಕ್ಕರೆಯನ್ನ ಕರಗಿಸ್ಕೊಳ್ಳುತ್ತೆ. ಅಂದ್ರೆ 32 ಗ್ರಾಂ. ನಾವು ಹಾಕಿದ್ದು 200 ಗ್ರಾಂ. ಉಳಿದ 168 ಗ್ರಾಂ ಎಷ್ಟೇ ಬೀಟ್ ಮಾಡಿದ್ರೂ ಪುಡಿಯಾಗೇ ಇರುತ್ತೆ. ಹಾಗಾಗಿ ಪುಡಿ ನಾಲಿಗೆಗೆ ಗೊತ್ತಾಗದಷ್ಟು ಸಣ್ಣ ಇರಬೇಕು ಅನ್ನೋದೊಂದೇ ದಾರಿ. ಚಾಕಲೇಟ್ ಮಾಡೋರು ಸುಮಾರು 30 ಮೈಕ್ರಾನ್‌ಗಿಂತ ದೊಡ್ಡ ಕಣ ನಾಲಿಗೆಗೆ ತಿಳಿಯುತ್ತೆ ಅಂತಾರೆ. ಮನೆ ಮಿಕ್ಸಿ ಅಷ್ಟು ಸಣ್ಣಗೆ ಒಂದೇ ಸಮ ಅರೆಯೋದು ಕಷ್ಟ. ಅಂಗಡಿಯ ಐಸಿಂಗ್ ಶುಗರ್ ತಂದು, ಮೈದಾ ಜರಡಿಯಲ್ಲಲ್ಲ, ಅದಕ್ಕಿಂತ ಸಣ್ಣ ಕಣ್ಣಿನ ಜರಡಿಯಲ್ಲಿ ಎರಡು ಸಲ ಜರಡಿ ಹಿಡಿಯಬೇಕು. ಜರಡಿ ಹಿಡಿಯದಿದ್ರೆ ಒಂದು ಸಣ್ಣ ಗಂಟು ಸಾಕು, ಸ್ಕ್ರೇಪರ್ ಅದನ್ನ ಎಳ್ಕೊಂಡು ಹೋಗಿ ಕೇಕಿನ ಸುತ್ತ ಒಂದು ಗೀರು ಹಾಕುತ್ತೆ.

ಇನ್ನೊಂದು ದಾರಿ, ಮೊದಲೇ ಕರಗಿರೋ ಸಕ್ಕರೆ ಹಾಕೋದು. ಸ್ವಿಸ್ ಮತ್ತು ಇಟಾಲಿಯನ್ ಬಟರ್‌ಕ್ರೀಮ್‌ಗಳಲ್ಲಿ ಮೊಟ್ಟೆಯ ಬಿಳಿಭಾಗದ ಜೊತೆ ಸಕ್ಕರೆಯನ್ನ ಬಿಸಿ ಮಾಡಿಯೋ, ಪಾಕ ಮಾಡಿಯೋ ಹಾಕ್ತಾರೆ. ರೇಷ್ಮೆ ಹಾಗಿರುತ್ತಂತೆ. ನಮ್ಮ ಮನೆಗೆ ಬರೋ ಆರ್ಡರ್‌ಗಳಲ್ಲಿ ಮುಕ್ಕಾಲು ಭಾಗ "ಮೊಟ್ಟೆ ಇಲ್ಲದ್ದು ತಾನೇ ಆಂಟಿ?" ಅಂತ ಶುರು ಆಗುತ್ತವೆ, ಹಾಗಾಗಿ ಆ ಬಾಗಿಲು ಮುಚ್ಚಿತು. ನಮಗೆ ಒಗ್ಗಿದ್ದು ಕಂಡೆನ್ಸ್ಡ್ ಮಿಲ್ಕ್. ಅದರಲ್ಲಿ ಹಾಕಿರೋ ಸಕ್ಕರೆ ಆಗಲೇ ಕರಗಿದೆ. ಬೆಣ್ಣೆಯನ್ನ ಬೆಳ್ಳಗಾಗೋ ತನಕ ಬೀಟ್ ಮಾಡಿ, ಕಂಡೆನ್ಸ್ಡ್ ಮಿಲ್ಕನ್ನ ಚಮಚ ಚಮಚವಾಗಿ ಸೇರಿಸಿದ್ರೆ ಆಯ್ತು. ಆದ್ರೆ ಬಿಟ್ಟಿ ಏನೂ ಸಿಗಲ್ಲ. ಅಮೆರಿಕನ್ ಕ್ರೀಮ್‌ನಲ್ಲಿ ಕರಗದೆ ಉಳಿದ ಪುಡಿ ಕಾಂಕ್ರೀಟಿನ ಜಲ್ಲಿ ಹಾಗೆ ಕೆಲಸ ಮಾಡುತ್ತೆ, ಸೆಕೆಗೆ ಸ್ವಲ್ಪ ತಡ್ಕೊಳ್ಳುತ್ತೆ. ಕಂಡೆನ್ಸ್ಡ್ ಮಿಲ್ಕ್‌ನದು ನುಣ್ಣಗೆ, ಆದ್ರೆ ಮೆತ್ತಗೆ. ಕೊನೆಗೆ ಅಮ್ಮ ನಡುವೆ ಒಂದು ರಾಜಿ ಮಾಡ್ಕೊಂಡ್ರು: 350 ಗ್ರಾಂ ಉಪ್ಪಿಲ್ಲದ ಬೆಣ್ಣೆ, 200 ಗ್ರಾಂ ಕಂಡೆನ್ಸ್ಡ್ ಮಿಲ್ಕ್, 150 ಗ್ರಾಂ ಐಸಿಂಗ್ ಶುಗರ್. ಮನೆಯಲ್ಲಿ ಕಡೆದ ಬೆಣ್ಣೆ ಬೇಡ, ಅದರಲ್ಲಿ ನೀರು ಎಷ್ಟಿದೆ ಅಂತ ಹೇಳೋಕಾಗಲ್ಲ, ಕ್ರೀಮ್ ಒಡೆಯುತ್ತೆ. ಅಜ್ಜಿಗೆ ಇದನ್ನ ಹೇಳೋಕೆ ಹೋಗಿ ನಾನು ಬೈಸ್ಕೊಂಡೆ.

ಕೆಲವು ಬೇಕರಿಗಳು ಬೆಣ್ಣೆಯ ಬದಲು ವನಸ್ಪತಿ ಕೊಬ್ಬು ಹಾಕಿ ಸೆಕೆಯ ಸಮಸ್ಯೆಯನ್ನೇ ಇಲ್ಲದ ಹಾಗೆ ಮಾಡ್ತಾರೆ. ಚಿಕ್ಕವರಿದ್ದಾಗ ಕೇಕಿನ ಮೇಲಿನ ಗುಲಾಬಿ ಹೂವಿಗೆ ಜಗಳ ಆಡಿ, ತಿಂದ ಮೇಲೆ ಅಂಗುಳಕ್ಕೆ ಮೇಣದ ಹಾಗೆ ಅಂಟಿಕೊಂಡಿದ್ದು ನೆನಪಿದ್ಯಾ? ಬಾಯಿಯ ಬಿಸಿಗೂ ಪೂರ್ತಿ ಕರಗದ ಕೊಬ್ಬು ಅದು. ಕೇಕಿನ ಮೇಲೆ ಗಟ್ಟಿ ನಿಲ್ಲೋದು ಬಾಯಲ್ಲೂ ಗಟ್ಟಿಯೇ.

ಗಾಳಿ, ಆಮೇಲೆ ಲೆಕ್ಕ ತಪ್ಪಿದ ಅರ್ಧ ಕೆಜಿ

ಇಡ್ಲಿ ತೂತುಗಳ ವಿಷಯಕ್ಕೆ ಬರೋಣ. ಬೀಟ್ ಮಾಡೋದೇ ಗಾಳಿ ಸೇರಿಸೋಕೆ, ಅದಿಲ್ಲದೆ ಕ್ರೀಮ್ ಹಗುರ ಆಗಲ್ಲ, ಬೆಳ್ಳಗೂ ಆಗಲ್ಲ. ಆದ್ರೆ ಕೊನೆಯ ತನಕ ಹೈ ಸ್ಪೀಡ್‌ನಲ್ಲೇ ಬೀಟ್ ಮಾಡಿ ನಿಲ್ಲಿಸಿದ್ರೆ ದೊಡ್ಡ ಗುಳ್ಳೆಗಳು ಒಳಗೇ ಉಳೀತವೆ. ಸ್ಕ್ರೇಪರ್ ಹಾದು ಹೋದಾಗ ಗುಳ್ಳೆಯ ತಲೆ ಕತ್ತರಿಸಿ ಹೋಗುತ್ತೆ, ತೂತು ಕಾಣುತ್ತೆ. ಅದರ ಮೇಲೆ ಮತ್ತೆ ಸ್ಕ್ರೇಪರ್ ಎಳೆದ್ರೆ ಕೆಳಗಿನ ಇನ್ನೊಂದು ಗುಳ್ಳೆ ತೆರೆಯುತ್ತೆ. ನಾಲ್ಕು ಗಂಟೆ ಉಜ್ಜಿದ್ರೂ ಮುಗಿಯದ ಕೆಲಸ ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಪರಿಹಾರ ಬೋರಿಂಗ್ ಆಗಿದೆ: ಕೊನೆಯ ನಾಲ್ಕೈದು ನಿಮಿಷ ಬೀಟರನ್ನ ಅತಿ ಕಮ್ಮಿ ಸ್ಪೀಡ್‌ಗೆ ಇಳಿಸಬೇಕು, ಆಮೇಲೆ ಕೈಯಲ್ಲಿ ರಬ್ಬರ್ ಸ್ಪಾಚುಲಾ ಹಿಡಿದು ಕ್ರೀಮನ್ನ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ಎಳೀಬೇಕು. ಟಪ್ ಟಪ್ ಅಂತ ಗುಳ್ಳೆ ಒಡೆಯೋದು ಕೇಳುತ್ತೆ. ಇದು ನನ್ನ ಪಾಲಿನ ಕೆಲಸ. ತೋಳು ಬಿದ್ದು ಹೋಗುತ್ತೆ, ಜಿಮ್ ಬೇಕಿಲ್ಲ.

ಆದ್ರೆ ನಿಜವಾಗಿ ನಮಗೆ ದಾರಿ ತೋರಿಸಿದ್ದು ಪಕ್ಕದ ಸೈಟಿನ ಮೇಸ್ತ್ರಿ. ಅಲ್ಲಿ ಮನೆ ಕಟ್ತಾ ಇದ್ರು, ಗೋಡೆಗೆ ಗಾರೆ ನಡೀತಿತ್ತು. ನಾನು ಮಹಡಿ ಮೇಲೆ ನಿಂತು ನೋಡ್ತಾ ಇದ್ದೆ. ಅವರು ಮೊದಲು ಗೋಡೆ ಮೇಲೆ ಅಲ್ಲಲ್ಲಿ ಸಣ್ಣ ಸಣ್ಣ ಗಾರೆ ಮುದ್ದೆ ಇಟ್ಟು, ತೂಗುಗುಂಡು ಬಿಟ್ಟು ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದ್ರು. ಇದಕ್ಕೆ ಬುಲ್ ಮಾರ್ಕ್ ಅಂತಾರೆ. ಆಮೇಲೆ ಬೇಕಾದ್ದಕ್ಕಿಂತ ಜಾಸ್ತಿ ಗಾರೆ ಎರಚಿ, ಉದ್ದನೆ ಅಲ್ಯೂಮಿನಿಯಂ ಪಟ್ಟಿಯನ್ನ ಆ ಗುರುತುಗಳ ಮೇಲೆ ಇಟ್ಟು ಎಳೆದ್ರು. ಹೆಚ್ಚಾದದ್ದು ಕೆಳಗೆ ಬಿತ್ತು. ಎಲ್ಲಿ ಗುಳಿ ಉಳಿಯಿತೋ ಅಲ್ಲಿ ಕರಣೆಯಲ್ಲಿ ಇನ್ನಷ್ಟು ಹಾಕಿ ಮತ್ತೆ ಒಂದು ಸಲ ಎಳೆದ್ರು. ಒಂದೇ ಜಾಗವನ್ನ ಉಜ್ಜುತ್ತಾ ಕೂರಲಿಲ್ಲ. ಗೋಡೆ ಸಪಾಟಾಗಿದ್ದು ಕೈಯಿಂದಲ್ಲ, ಆ ಪಟ್ಟಿಯಿಂದ ಮತ್ತು ಜಾಸ್ತಿ ಹಾಕಿದ ಗಾರೆಯಿಂದ.

ಕೆಳಗೆ ಬಂದು ಲೆಕ್ಕ ಹಾಕಿದೆ. ಆರು ಇಂಚಿನ ಕೇಕ್, ಅಂದ್ರೆ ವ್ಯಾಸ ಸುಮಾರು 15 ಸೆಂಟಿಮೀಟರ್, ಎತ್ತರ 10. ಸುತ್ತಿನ ಗೋಡೆ 471 ಚದರ ಸೆಂಟಿಮೀಟರ್, ಮೇಲ್ಭಾಗ 177. ಒಟ್ಟು 648. ಮೇಲೆ 6 ಮಿಲಿಮೀಟರ್ ದಪ್ಪ ಬೇಕು ಅಂದ್ರೆ ಸುಮಾರು 390 ಘನ ಸೆಂಟಿಮೀಟರ್. ಮೂರು ಪದರದ ನಡುವೆ ಎರಡು ಸಲ ಅರ್ಧ ಸೆಂಟಿಮೀಟರ್ ಹಚ್ಚೋಕೆ ಇನ್ನೊಂದು 177. ನಮ್ಮ ಕ್ರೀಮಿನ ಸಾಂದ್ರತೆ ನೋಡೋಕೆ 200 ಎಂಎಲ್ ಲೋಟಕ್ಕೆ ತುಂಬಿ ತೂಗಿದೆ, 165 ಗ್ರಾಂ ಬಂತು. ಹಾಗಾದ್ರೆ ಕೇಕಿನ ಮೇಲೆ ಕೊನೆಗೆ ಉಳಿಯೋ ಕ್ರೀಮೇ 460 ಗ್ರಾಂ ದಾಟುತ್ತೆ. ಕೆರೆದು ತೆಗೆಯೋದು, ಗುಳಿ ತುಂಬೋದು ಎಲ್ಲಾ ಸೇರಿಸಿದ್ರೆ 700 ಗ್ರಾಂ ಬೇಕು. ಅವತ್ತು ಅಮ್ಮ ಮಾಡಿದ್ದು 450. ಬೆಣ್ಣೆ ದುಬಾರಿ ಅಂತ ಕೈ ಹಿಡಿದು ಮಾಡಿದ್ರು. ತೆಳ್ಳಗೆ ಹಚ್ಚಿದ್ದರಿಂದ ಉಜ್ಜಿದಾಗಲೆಲ್ಲಾ ಕೆಳಗಿನ ಕೇಕ್ ಕಾಣ್ತಿತ್ತು. ಕೆರೆದು ತೆಗೆದ ಕ್ರೀಮ್ ವೇಸ್ಟ್ ಅಲ್ಲ, ಚೂರು ಬೆರೆಯದಿದ್ರೆ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟು ಮುಂದಿನ ಕೇಕಿನ ಒಳಪದರಕ್ಕೆ ಬಳಸಬಹುದು ಅಂತ ಗೊತ್ತಾದ ಮೇಲೆ ಅಮ್ಮನಿಗೆ ಸಮಾಧಾನ ಆಯ್ತು.

ಹಚ್ಚೋದು

ಕೇಕ್ ಪೂರ್ತಿ ಆರಿರಬೇಕು. ಉಬ್ಬಿದ ತಲೆಯನ್ನ ಬ್ರೆಡ್ ಚಾಕುವಿನಲ್ಲಿ ಕೊಯ್ದು ಸಮ ಮಾಡಿ, ಮೇಲಿನ ಪದರವನ್ನ ಬೋರಲು ಹಾಕಿ. ಟ್ರೇಗೆ ತಾಗಿದ್ದ ತಳಭಾಗ ಸಪಾಟಾಗಿರುತ್ತೆ, ಚೂರು ಉದುರಲ್ಲ. ಒಳಗೆ ಕ್ರೀಮ್ ಹಚ್ಚಿ ಜೋಡಿಸಿದ ಮೇಲೆ ಒಂದು ಗಂಟೆ ಸುಮ್ಮನೆ ಬಿಡಬೇಕು. ಕೇಕ್ ತನ್ನ ಭಾರಕ್ಕೆ ಸ್ವಲ್ಪ ಕೂರುತ್ತೆ. ಇದನ್ನ ಬಿಟ್ಟು ಆತುರ ಪಟ್ರೆ, ಎಲ್ಲಾ ಮುಗಿದ ಮೇಲೆ ಕೂತು, ಪಕ್ಕದಲ್ಲಿ ಬೆಲ್ಟ್ ಕಟ್ಟಿದ ಹಾಗೆ ಉಬ್ಬು ಬರುತ್ತೆ.

ಆಮೇಲೆ ತೆಳ್ಳನೆಯ ಮೊದಲ ಕೋಟು, ಬೇಕಿಂಗ್‌ನವರು ಕ್ರಂಬ್ ಕೋಟ್ ಅಂತಾರೆ. ಉದುರೋ ಚೂರುಗಳನ್ನೆಲ್ಲಾ ಹಿಡಿದು ಅಂಟಿಸೋದು ಇದರ ಕೆಲಸ, ಚಂದ ಕಾಣಬೇಕಿಲ್ಲ. ಫ್ರಿಜ್‌ನಲ್ಲಿ 20-30 ನಿಮಿಷ. ಬೆರಳು ಮುಟ್ಟಿಸಿದ್ರೆ ಅಂಟಬಾರದು. ಹೊರಗೆ ತೆಗೆದು ಎರಡು ಮೂರು ನಿಮಿಷ ಬಿಟ್ಟು ಎರಡನೇ ಕೋಟು ಹಚ್ಚಿ. ಫ್ರೀಜರ್‌ನಲ್ಲಿ ಕಲ್ಲು ಮಾಡಿ ತಂದ್ರೆ ಮೇಲೆ ಹಚ್ಚಿದ ಕ್ರೀಮ್ ತಾಗಿದ ಕೂಡಲೇ ಗಟ್ಟಿಯಾಗಿ, ಸ್ಕ್ರೇಪರಿಗೆ ಅಂಟ್ಕೊಂಡು ಹಾಳೆ ಹಾಳೆಯಾಗಿ ಬರುತ್ತೆ. ಹಾಸ್ಟೆಲ್‌ನಲ್ಲಿ ಫ್ರೆಂಡ್ ಒಬ್ಬನ ಬರ್ತ್‌ಡೇಗೆ ನಾವು ಮಾಡಿದ್ದು ಇದೇ ತಪ್ಪು. ಕೇಕ್ ಅವನ ಮುಖಕ್ಕೇ ಹೋಗೋದಿತ್ತು, ಬಚಾವ್.

ಎರಡನೇ ಕೋಟಿಗೆ ಮೊದಲು ಬುಲ್ ಮಾರ್ಕ್. ಕೇಕ್ ಆರು ಇಂಚು ಇದ್ರೆ ಆರೂವರೆ ಇಂಚಿನ ದುಂಡನೆ ಅಕ್ರಿಲಿಕ್ ತಟ್ಟೆ ಎರಡು ಬೇಕು, ಒಂದು ಕೇಕಿನ ಕೆಳಗೆ, ಒಂದು ಮೇಲೆ ಬೆಣ್ಣೆ ಕಾಗದ ಇಟ್ಟು. ಎರಡರ ಅಂಚೂ ಒಂದರ ಮೇಲೊಂದು ಸರಿಯಾಗಿ ಕೂತಿದ್ಯಾ ಅಂತ ಸ್ಕ್ರೇಪರ್ ನೆಟ್ಟಗೆ ನಿಲ್ಲಿಸಿ ನೋಡಿ. ಈಗ ಸುತ್ತ ಕಾಲು ಇಂಚಿನ ಗ್ಯಾಪ್ ಇದೆ, ಅದಕ್ಕೆ ಕ್ರೀಮ್ ತುಂಬಿ ಹೊರಗೆ ಉಬ್ಬೋ ಹಾಗೆ ಹಚ್ಚೋದು. ಸ್ಕ್ರೇಪರ್ ಎರಡೂ ತಟ್ಟೆಗಳ ಅಂಚಿಗೆ ತಾಗಿ ಓಡುತ್ತೆ, ಗೋಡೆ ತಾನಾಗೇ ನೆಟ್ಟಗೆ ಬರುತ್ತೆ. ಆ ತಟ್ಟೆಗಳನ್ನ ನಾನು ಸೈನ್‌ಬೋರ್ಡ್ ಅಂಗಡಿಯಲ್ಲಿ ಕತ್ತರಿಸಿಸಿಕೊಂಡು ಬಂದೆ.

ಇಲ್ಲಿ ಲೇತ್ ಬರುತ್ತೆ. ಲೇತ್‌ನಲ್ಲಿ ತಿರುಗೋದು ಜಾಬ್, ಟೂಲ್ ಅಲ್ಲ. ಅಮ್ಮ ಕೇಕನ್ನ ನಿಲ್ಲಿಸಿ, ಸ್ಕ್ರೇಪರ್ ಹಿಡಿದ ಕೈಯನ್ನ ಅದರ ಸುತ್ತ ತಿರುಗಿಸ್ತಾ ಇದ್ರು. ಮಣಿಕಟ್ಟು ತಿರುಗಿದ ಕಡೆಯಲ್ಲೆಲ್ಲಾ ಕೋನ ಬದಲಾಗಿ, ದುಂಡಗಿನ ಕೇಕಿಗೆ ಹತ್ತು ಹನ್ನೆರಡು ಮುಖ ಬಂದಿತ್ತು. ಮೊಣಕೈಯನ್ನ ಹೊಟ್ಟೆಗೆ ಒತ್ತಿ ಹಿಡಿದು, ಸ್ಕ್ರೇಪರಿನ ಕೆಳಗಿನ ಅಂಚನ್ನ ಟರ್ನ್‌ಟೇಬಲ್ ಮೇಲೆ ಊರಿ, ಆ ಕೈಯನ್ನ ಮರೆತುಬಿಡಿ. ಎಡಗೈಯಲ್ಲಿ ಟರ್ನ್‌ಟೇಬಲ್ ತಿರುಗಿಸೋದಷ್ಟೇ, ಒಂದೇ ವೇಗದಲ್ಲಿ, ಪೂರ್ತಿ ಒಂದು ಸುತ್ತು. ಬ್ಲೇಡು ಕ್ರೀಮಿಗೆ ಸುಮಾರು 45 ಡಿಗ್ರಿ ವಾಲಿರಲಿ. ಲಂಬವಾಗಿ ಹಿಡಿದ್ರೆ ಅಗೆಯುತ್ತೆ, ತೀರಾ ಮಲಗಿಸಿದ್ರೆ ಅಂಟಿ ಎಳೆಯುತ್ತೆ. ಸುತ್ತು ಮುಗಿದ ಮೇಲೆ ಬ್ಲೇಡು ಒರೆಸಿ, ಗುಳಿ ಇರೋ ಕಡೆ ಕ್ರೀಮ್ ಮೆತ್ತಿ, ಮತ್ತೊಂದು ಸುತ್ತು. ಲೇತ್ ಲ್ಯಾಬ್‌ನಲ್ಲಿ ಟೂಲ್ ಮುಂದೆ ಹೋಗದೆ ಒಂದೇ ಜಾಗದಲ್ಲಿ ನಿಂತ್ರೆ ಜಾಬ್ ಮೇಲೆ ಉಂಗುರದ ಗುರುತು ಬೀಳುತ್ತಲ್ಲ, ಇಲ್ಲೂ ಟರ್ನ್‌ಟೇಬಲ್ ನಿಂತ ಜಾಗದಲ್ಲಿ ಒಂದು ನಿಲುವು ಗೆರೆ ಬೀಳುತ್ತೆ. ಅದಕ್ಕೆ ಸ್ಕ್ರೇಪರ್ ಎತ್ತುವಾಗಲೂ ಟೇಬಲ್ ತಿರುಗ್ತಾನೇ ಇರಬೇಕು.

ಮೂರು ನಾಲ್ಕು ಸುತ್ತಿಗೆ ತೊಂಬತ್ತು ಭಾಗ ಆಗಿರುತ್ತೆ. ಆಗ ನಿಲ್ಲಿಸಿ ಫ್ರಿಜ್‌ಗೆ ಹಾಕಿ. ಇದು ಅಮ್ಮನಿಗೆ ಎಲ್ಲಕ್ಕಿಂತ ಕಷ್ಟ ಆಯ್ತು, ಕಣ್ಣ ಮುಂದೆ ತಪ್ಪು ಕಾಣ್ತಾ ಇರುವಾಗ ಕೈ ಸುಮ್ಮನಿರಲ್ಲ. ಹತ್ತು ಹದಿನೈದು ನಿಮಿಷ ಬಿಟ್ಟು ಸ್ಟೀಲ್ ಸ್ಕ್ರೇಪರನ್ನ ಬಿಸಿ ನೀರಲ್ಲಿ ಅದ್ದಿ, ಬಟ್ಟೆಯಲ್ಲಿ ಪೂರ್ತಿ ಒರೆಸಿ, ಒಂದೇ ಒಂದು ಸುತ್ತು. ಮೇಲಿನ ಕೂದಲೆಳೆ ದಪ್ಪದ ಕ್ರೀಮ್ ಕರಗಿ ಸಣ್ಣ ತೂತುಗಳಿಗೆ ಇಳಿದು, ಒಳಗಿನ ತಂಪಿಗೆ ಅಲ್ಲೇ ಗಟ್ಟಿ ಆಗುತ್ತೆ. ಫೋಟೋದಲ್ಲಿ ಕಾಣೋ ಗಾಜಿನಂಥ ನುಣುಪು ಈ ಕೊನೆಯ ಸುತ್ತಿನದು. ನೀರು ಒರೆಸದಿದ್ರೆ ಗೀರು, ಸ್ಕ್ರೇಪರ್ ತುಂಬಾ ಬಿಸಿ ಇದ್ರೆ ಹಳದಿ ಗೆರೆ.

ಮೇಲಿನ ತಟ್ಟೆ ತೆಗೆದಾಗ ಅಂಚಿನಲ್ಲಿ ಗೋಡೆಯ ಕ್ರೀಮ್ ಸ್ವಲ್ಪ ಎತ್ತರಕ್ಕೆ ನಿಂತಿರುತ್ತೆ. ತಣ್ಣಗಿರುವಾಗಲೇ, ಬಗ್ಗಿದ ಹಿಡಿಯ ಪ್ಯಾಲೆಟ್ ನೈಫ್‌ನಲ್ಲಿ ಅಂಚಿನಿಂದ ಮಧ್ಯಕ್ಕೆ ಎಳೀಬೇಕು, ಒಂದೊಂದು ಎಳೆತಕ್ಕೂ ಚಾಕು ಒರೆಸಿ. ಮಧ್ಯದಿಂದ ಹೊರಗೆ ಎಳೆದ್ರೆ ಅಂಚು ಮುರಿದು ಗೋಡೆ ಮೇಲೆ ಬೀಳುತ್ತೆ. ಇಷ್ಟು ಬರೆದರೂ ಆ ಚೂಪು ಅಂಚು ನನಗೆ ಇವತ್ತಿಗೂ ಸರಿಯಾಗಿ ಬಂದಿಲ್ಲ. ಅಮ್ಮನಿಗೆ ಮೂರನೇ ಸಲಕ್ಕೇ ಬಂತು. ಕೈಗುಣ ಅನ್ನೋದು ಇದ್ರೆ ಅದು ಇಲ್ಲಿ ಇರಬೇಕು.

ಬಿಳಿ ಬಣ್ಣದ ಬಗ್ಗೆ ಕೇಳೋರಿಗೆ: ಬೆಣ್ಣೆಯ ಹಳದಿಯನ್ನ ಕಮ್ಮಿ ಮಾಡೋಕೆ ಕಡ್ಡಿ ತುದಿಯಷ್ಟು ನೇರಳೆ ಜೆಲ್ ಬಣ್ಣ ಸಾಕು. ಜಾಸ್ತಿ ಆದ್ರೆ ಕೇಕ್ ಬೂದಿ ಬಣ್ಣ. ಸಾಗಿಸುವಾಗ ತಣ್ಣನೆ ಕೇಕನ್ನ ಡಬ್ಬಿಯಲ್ಲಿ ಮುಚ್ಚಿಟ್ಟೇ ಒಯ್ಯಿರಿ, ಇಲ್ಲದಿದ್ರೆ ಗಾಳಿಯ ತೇವ ಅದರ ಮೇಲೆ ಬೆವರಾಗಿ ಕೂರುತ್ತೆ. ಮಂಗಳೂರು ಕಡೆಯವರಿಗೆ ಇದು ನಮಗಿಂತ ಜಾಸ್ತಿ ತಲೆನೋವು.

ಅಮ್ಮ ಈಗ ಮತ್ತೆ ಆರ್ಡರ್ ತಗೊಳ್ತಿದ್ದಾರೆ, ಬಟರ್‌ಕ್ರೀಮ್ ಆದ್ರೆ ಬೆಳಗಿನ ಹೊತ್ತು ಮಾಡೋದು ಅಂತ ಮೊದಲೇ ಹೇಳಿಬಿಡ್ತಾರೆ, 700 ಗ್ರಾಂ ಕ್ರೀಮಿನ ರೇಟನ್ನೂ ಸೇರಿಸ್ತಾರೆ. ಕಳೆದ ವಾರ ಇಂಟರ್ನಲ್ಸ್‌ಗೆ ಓದ್ತಾ ಇದ್ದಾಗ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಗೋಡೆ ಕನ್ನಡಿ ಹಾಗಿತ್ತು, ಒಂದು ಕಡೆ ಮಾತ್ರ ಮೇಲಿಂದ ಕೆಳಗೆ ಸಣ್ಣ ಗೆರೆ. "ಇದು ಯಾಕೆ ಬಂತು?" ಅಂತ ಕೇಳಿದ್ರು. "ಎತ್ತುವಾಗ ಟೇಬಲ್ ನಿಲ್ಲಿಸಿದ್ದೀರ" ಅಂತ ಬರೆದೆ. ಐದು ನಿಮಿಷ ಬಿಟ್ಟು ಉತ್ತರ ಬಂತು: "ಹೌದು, ಕುಕ್ಕರ್ ಕೂಗಿತು. ಅದರ ಮೇಲೆ ಒಂದು ಹೂವು ಕೂರಿಸಿ ಕಳಿಸಿದೆ. ನೀನು ಓದ್ಕೋ."